ಕೈಗಲ್ಲ, ಮೇಜಿಗೆ ಕೊಡು

ರೇಣುಕಾ, ಸುಮಲತಾ, ನೀವಿಬ್ಬರೂ ಅಂಗಡಿಗೆ ಸೇರಿದ ದಿನ "ಅಮ್ಮಾ, ಇಲ್ಲಿ ಕೆಲ್ಸ ಏನು?" ಎಂದು ಕೇಳಿದ್ದಿರಿ. "ಕಲ್ಲು ತೊಳೆಯೋದು" ಎಂದೆ. ನೀವು ಮುಖ ಮುಖ ನೋಡಿಕೊಂಡಿರಿ. ಸೇರಿದ ದಿನ ನಾನೂ ಹಾಗೇ ನೋಡಿದ್ದೆ, ಆದರೆ ಎದುರಿಗೆ ನೋಡಿಕೊಳ್ಳಲು ಇನ್ನೊಂದು ಮುಖ ಇರಲಿಲ್ಲ.

ಈಗ ಕೆಲಸ ಬಿಟ್ಟು ಹಲಸೂರಿನ ಮನೆಯಲ್ಲಿ ಕೂತಿದ್ದೇನೆ. ಮೊಮ್ಮಗಳು ಫೋನಿನಲ್ಲಿ ಟೈಪ್ ಮಾಡುವುದನ್ನು ಕಲಿಸಿದ್ದಾಳೆ. ಬೆರಳಿಗೆ ಕಷ್ಟವಿಲ್ಲ, ಕೂದಲಿನಂಥ ಹರಳುಗಳ ಸಂದಿಯಿಂದ ಮಣ್ಣು ತೆಗೆದ ಬೆರಳು ಇದು. ತೊಂದರೆ ಫೋನಿನದು. ನಾನು "ಕಲ್ಲು" ಎಂದು ಮುಗಿಸುವ ಮೊದಲೇ ಅದು "ಕಲ್ಲಂಗಡಿ" ತಂದು ಮುಂದಿಡುತ್ತದೆ. ಎಲ್ಲಾದರೂ ಕಲ್ಲಂಗಡಿ ಕಂಡರೆ ಕಲ್ಲು ಎಂದೇ ಓದಿಕೊಳ್ಳಿ.

ಸಂಬಳ ಯಾವಾಗ ಏರಿತು ಎಂಬುದನ್ನೆಲ್ಲ ಬರೆಯುವುದಿಲ್ಲ. ನೀವು ಇವತ್ತು ಯಾವ ಮೇಜಿನ ಮುಂದೆ ಕೂತು ಕೆಲಸ ಮಾಡುತ್ತೀರೋ, ಆ ಮೇಜನ್ನು ನಮ್ಮ ಮುನೀರ್ ಸಾಹೇಬರು ಕಳೆದುಕೊಳ್ಳುವ ಹಾಗಾಗಿತ್ತು. ಕಳೆದುಕೊಳ್ಳಲಿಲ್ಲ. ಅದು ಹೇಗೆ ಎಂಬುದು ನಿಮಗೆ ಗೊತ್ತಿರಬೇಕು, ಯಾಕೆಂದರೆ ಅದರಲ್ಲೇ ನಮ್ಮ ಕೆಲಸವೂ ಇದೆ.

ಅಂಗಡಿ ಇರುವುದು ಶಿವಾಜಿನಗರದ ಓಣಿಯೊಂದರ ಮಹಡಿಯಲ್ಲಿ. ಕೆಳಗೆ ಹಾಸಿಗೆಗೆ ಹತ್ತಿ ತುಂಬುವವರು, ಮೇಲೆ ನಾವು. ನಮ್ಮದು ಉಂಗುರದ ಕಲ್ಲಲ್ಲ. ಭೂಮಿಯ ಹೊಟ್ಟೆಯಲ್ಲಿ ಹೇಗೆ ಬೆಳೆದಿತ್ತೋ ಹಾಗೇ ಇರುವ, ಕತ್ತರಿಸದ, ಉಜ್ಜದ ಹರಳು. ಕೆಲವರು ಅಂಚೆ ಚೀಟಿ ಕೂಡಿಡುವಂತೆ ಇವನ್ನು ಕೂಡಿಡುತ್ತಾರೆ. ಇನ್ನು ಕೆಲವರು ಮೆಟ್ಟಿಲು ಹತ್ತಿ ಬಂದು "ಇದು ಇಟ್ಕೊಂಡ್ರೆ ಲಕ್ ಬರತ್ತಾ?" ಎಂದು ಕೇಳುತ್ತಾರೆ. ಸಾಹೇಬರ ಉತ್ತರ ಯಾವತ್ತೂ ಒಂದೇ: "ಬರೋದಾದ್ರೆ ನಾನೇ ಇಟ್ಕೊತಿದ್ದೆ ಜೀ, ನಿಮಗ್ ಯಾಕ್ ಮಾರ್ತಿದ್ದೆ?"

ನಾನು ಕಲಬುರಗಿ ಕಡೆಯವಳು. ಗಂಡ ಕಟ್ಟಡ ಕೆಲಸಕ್ಕೆ ಬಂದರು, ಹಲಸೂರಿನಲ್ಲಿ ಒಂದು ರೂಮು ಬಾಡಿಗೆಗೆ ಸಿಕ್ಕಿತು. ನನಗೆ ಕೆಲಸ ಸಿಕ್ಕ ಸುದ್ದಿಯನ್ನು ಊರಿಗೆ ಫೋನು ಮಾಡಿ ಹೇಳಿದಾಗ ಅತ್ತೆ, "ಕಲ್ಲು ತೊಳಿಲಾಕ ಪಗಾರ ಕೊಡ್ತಾರಂತ ಹೇಳಿದ್ರ ಯಾರ ನಂಬ್ತಾರವ್ವ? ನಮ್ಮ ಹೊಲದಾಗ ಬೇಕಾದಷ್ಟು ಬಿದ್ದಾವ. ಬಂದು ತೊಳಿ, ನಾ ಊಟಾನೂ ಹಾಕ್ತೀನಿ" ಎಂದರು.

ಅತ್ತೆಯ ಮಾತು ಪೂರ್ತಿ ಸುಳ್ಳಲ್ಲ. ನಮ್ಮ ಕಡೆ ಬಾವಿ ತೋಡುವಾಗ ಕರಿ ಕಲ್ಲು ಒಡೆದರೆ ಕೆಲವೊಮ್ಮೆ ಅದರ ಹೊಟ್ಟೆಯಲ್ಲಿ ಬಿಳಿ ಹರಳು ಕಾಣುತ್ತಿತ್ತು. ನಾವು ಅದನ್ನು ಗಜ್ಜುಗದ ಆಟಕ್ಕೆ ಇಟ್ಟುಕೊಂಡು ಮಾರನೇ ದಿನ ಕಳೆಯುತ್ತಿದ್ದೆವು. ಅಂಥದ್ದನ್ನೇ ಗಾಜಿನ ಪೆಟ್ಟಿಗೆಯಲ್ಲಿಟ್ಟು ದೀಪ ಹಾಕಿ ನೋಡುವವರಿದ್ದಾರೆ ಎಂದು ಗೊತ್ತಾಗಿದ್ದು ಶಿವಾಜಿನಗರಕ್ಕೆ ಬಂದ ಮೇಲೆ.

ಸೇರಿದ ಹೊಸತರಲ್ಲಿ ಸಾಹೇಬರು "ಧೂಳಿದ್ದಿದ್ದೆಲ್ಲ ತೊಳಿ" ಎಂದು ಹೇಳಿ ನಮಾಜಿಗೆ ಹೋದರು. ನಾನು ಎಲ್ಲವನ್ನೂ ತೊಳೆದೆ. ಸಕ್ಕರೆ ಡಬ್ಬಿಯಂತೆ ಚೌಕಾಕಾರವಾಗಿದ್ದ ಒಂದು ಹರಳು ಮಾತ್ರ ತೊಳೆದಷ್ಟೂ ಚಿಕ್ಕದಾಗುತ್ತ ಹೋಯಿತು. ಕೊಳೆ ಬಹಳ ಇದೆ ಎಂದುಕೊಂಡು ಇನ್ನೂ ಜೋರಾಗಿ ಉಜ್ಜಿದೆ. ಸಾಹೇಬರು ಬರುವಾಗ ಅದು ಹಳೆಯ ಸೋಪಿನ ಚೂರಿನಂತಾಗಿತ್ತು. ಅವರು ಬೆರಳನ್ನು ಬಕೆಟ್ಟಿಗೆ ಅದ್ದಿ ನಾಲಿಗೆಗೆ ಹಚ್ಚಿಕೊಂಡರು.

"ಉಪ್ಪಿನ ಹರಳು ಶರಣಮ್ಮ, ಉಪ್ಪು! ಇವತ್ತು ನಿಮ್ಮ ಮನೆ ಸಾರಿಗೆ ಉಪ್ಪು ಹಾಕ್‌ಬ್ಯಾಡ. ಇದೇ ನೀರು ತಗೊಂಡೋಗು."

ಬೈಯಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರು. ನಿಮಗೂ ಹೇಳುತ್ತೇನೆ: ಕಲ್ಲನ್ನು ನೀರಿಗೆ ಹಾಕುವ ಮೊದಲು ಒಂದು ಮೂಲೆಗೆ ಒಂದೇ ಹನಿ ಬಿಟ್ಟು ನೋಡಿ. ಬಿಸಿ ನೀರಂತೂ ಬೇಡವೇ ಬೇಡ, ಒಳ್ಳೊಳ್ಳೆಯ ಹರಳು ಟಿಕ್ ಎಂದು ಸೀಳುತ್ತದೆ. ನಾಲಿಗೆಯಿಂದ ಪರೀಕ್ಷೆ ಮಾಡಬೇಡಿ. ಸಾಹೇಬರು ಮಾಡುತ್ತಾರೆ, ಅವರಿಗೆ ಹೇಳಿ ಪ್ರಯೋಜನವಿಲ್ಲ. ಕೆಲವು ಕಲ್ಲು ವಿಷ.

ಅವತ್ತೇ ಅವರು ಆ ದೊಡ್ಡ ಸಾಗುವಾನಿ ಮೇಜಿನ ಮುಂದೆ ನಿಲ್ಲಿಸಿ ಅಂಗಡಿಯ ಒಂದೇ ಒಂದು ಕಾಯಿದೆ ಹೇಳಿಕೊಟ್ಟರು. ನಾನು ಒಂದು ಹರಳನ್ನು ಅವರ ಕೈಗೆ ಕೊಡಲು ಹೋದೆ. ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

"ಕೈಗೆ ಅಲ್ಲ. ಮೇಜಿಗೆ ಕೊಡು. ನೀನು ಇಡು, ಕೈ ತೆಗಿ, ಆಮೇಲೆ ನಾನು ಎತ್ತೀನಿ. ಎತ್ತಿದವ್ರ ಜವಾಬ್ದಾರಿ, ಮತ್ತೆ ಇಡೋ ತನಕ."

ಕೈಯಿಂದ ಕೈಗೆ ಕೊಡುವಾಗ ಬಿದ್ದರೆ ನೀನು ಬಿಟ್ಟೆ ಎಂದು ಇವರು, ನೀನು ಹಿಡಿಯಲಿಲ್ಲ ಎಂದು ಅವರು. ಹರಳೂ ಹೋಯಿತು, ಸ್ನೇಹವೂ ಹೋಯಿತು. ನನಗೆ ಇದು ಹೊಸದೆನಿಸಲಿಲ್ಲ.

"ನಮ್ಮ ಮನ್ಯಾಗೂ ಹಂಗೇ ರೀ ಸಾಹೇಬ್ರ. ಉಪ್ಪು, ಮೆಣಸಿನಕಾಯಿ ಕೈಯಾಗ ಕೊಡಂಗಿಲ್ಲ. ಜಗಳ ಬರ್ತದಂತ ನಮ್ಮಜ್ಜಿ ಕೆಳಗ ಇಡಸ್ತಿದ್ಲು."

"ಕ್ಯಾ ಬಾತ್ ಹೈ! ನಿಮ್ಮಜ್ಜಿ ಹರಳಿನ ವ್ಯಾಪಾರ ಮಾಡ್ತಿದ್ಲಾ?"

ನಮ್ಮ ಕೆಲಸ ಮೇಜಿನ ಮೇಲಷ್ಟೇ ಅಲ್ಲ. ಹರಳು ಹುಡುಕಿಕೊಂಡು ಹೋಗುವುದೂ ಇತ್ತು. ಒಮ್ಮೆ ಕೆ.ಆರ್. ಪುರದಲ್ಲಿ ಅಪಾರ್ಟ್‌ಮೆಂಟಿನ ಪಾಯ ತೋಡುವಾಗ ಬಂಡೆಯ ಸೀಳಿನಲ್ಲಿ ಹೊಗೆ ಬಣ್ಣದ ಗಾಜಿನಂಥದ್ದು ಸಿಕ್ಕಿದೆ ಎಂದು ಸುದ್ದಿ ಬಂತು. ಸಾಹೇಬರು ಸುತ್ತಿಗೆ ಹಿಡಿದು, ನಾನು ಹಳೆಯ ಸೀರೆಯ ಚೂರುಗಳ ಚೀಲ ಹಿಡಿದು ಹೊರಟೆವು. ಹಳ್ಳಕ್ಕಿಳಿದು, ಮಂಡಿಯೂರಿ, ಸೀಳಿನೊಳಗೆ ಟಾರ್ಚು ಬಿಟ್ಟು, ಸಾಹೇಬರು ಮೆಲ್ಲಗೆ "ಇದೆ, ಇದೆ" ಎಂದರು. ಅವರು ಹೇಳಿದ್ದು ನನಗೆ. ಕೇಳಿಸಿದ್ದು ವಾಚ್‌ಮನ್‌ಗೆ.

"ಏನ್ ಇದೆ ಸಾರ್?"

"ಏನಿಲ್ಲಪ್ಪ."

ಆ ಏನಿಲ್ಲಪ್ಪವೇ ನಮ್ಮನ್ನು ಕೆಡಿಸಿತು. ನಿಧಿ ಇದೆ ಎಂದು ಕ್ಷಣದಲ್ಲಿ ಸುದ್ದಿಯಾಯಿತು. ಜೆಸಿಬಿ ನಿಂತಿತು. ಯಾರೋ ನಿಂಬೆಹಣ್ಣು ತಂದರು, ಯಾರೋ ಕುಂಕುಮ. ಮೇಸ್ತ್ರಿ ಕೈಕಟ್ಟಿಕೊಂಡು, "ಅಮ್ಮಾ, ನಿಮಗೆ ಕನಸಲ್ಲಿ ಬಂದಿತ್ತಾ?" ಎಂದು ನನ್ನನ್ನು ಕೇಳಿದ. ನಾನು ಸುಮ್ಮನಿರಬಹುದಿತ್ತು. "ಹೌದಪ್ಪ, ಬಿಳಿ ಸೀರಿ ಉಟ್ಟಾಕಿ ಬಂದಿದ್ಲು. ಸುತ್ತಿಗಿ ಜೋರ ಹೊಡಿಬ್ಯಾಡ್ರಿ ಅಂದ್ಲು" ಎಂದೆ. ಅದಾದ ಮೇಲೆ ಆ ಜನ ಎಷ್ಟು ನಾಜೂಕಾಗಿ ಬಂಡೆ ಬಿಡಿಸಿಕೊಟ್ಟರೆಂದರೆ, ಒಂದೇ ಒಂದು ಹರಳಿನ ತುದಿಯೂ ಮುರಿಯಲಿಲ್ಲ. ಸಿಕ್ಕಿದ್ದು ನಿಧಿಯಲ್ಲ, ಹೊಗೆ ಬಣ್ಣದ ಸ್ಫಟಿಕ ಎಂದು ನೋಡಿ ಅವರು ಪೆಚ್ಚಾದರು. ನಿಂಬೆಹಣ್ಣಿನ ಪಾನಕ ಮಾಡಿ ನಮಗೂ ಕೊಟ್ಟರು. ದಾರಿಯುದ್ದಕ್ಕೂ ಸಾಹೇಬರು ಹರಳನ್ನು ತೊಡೆಯ ಮೇಲಿಟ್ಟುಕೊಂಡು "ಬಿಳಿ ಸೀರೆ!" ಎಂದು ನಗುತ್ತಲೇ ಇದ್ದರು. ಆಗ ಅವರ ಕೈ ಬಂಡೆಯ ಹಾಗಿತ್ತು.

ಆ ಕೈ ನಡುಗಲು ಶುರುವಾಗಿದ್ದನ್ನು ಮೊದಲು ನೋಡಿದ್ದು ನಾನು, ಚಹಾದ ಲೋಟದಲ್ಲಿ. ಲೋಟ ಅರ್ಧ ತುಂಬಿಸಲು ಹೇಳತೊಡಗಿದರು. "ಶುಗರ್ ಶರಣಮ್ಮ, ಕಮ್ಮಿ ಕುಡೀಬೇಕು" ಎಂದರು. ಶುಗರ್ ಇರುವವರು ಸಕ್ಕರೆ ಕಮ್ಮಿ ಮಾಡುತ್ತಾರೆ, ಇವರು ಚಹಾ ಕಮ್ಮಿ ಮಾಡಿದರು.

ಹರಳಿನ ಅಂಗಡಿಯಲ್ಲಿ ನಡುಗುವ ಕೈ ಎಂದರೆ ಕುರುಡನ ಕೈಯಲ್ಲಿ ಆಟೋ ಇದ್ದಂತೆ. ರಿಚರ್ಡ್ಸ್ ಟೌನಿನಿಂದ ವರ್ಷಾನುಗಟ್ಟಲೆ ಬರುತ್ತಿದ್ದ ಒಬ್ಬರು ತಮ್ಮ ಹರಳನ್ನು ಸ್ವಚ್ಛ ಮಾಡಿಸಲು ತಂದರು. ಸಾಹೇಬರು ಎತ್ತಿಕೊಳ್ಳಲು ಕೈ ಚಾಚಿದಾಗ ಅವರು ಥಟ್ಟನೆ ಅದರ ಮೇಲೆ ತಮ್ಮ ಅಂಗೈ ಇಟ್ಟು, "ಪರ್ವಾಗಿಲ್ಲ, ಶರಣಮ್ಮ ಎತ್ಕೊಳ್ಳಲಿ" ಎಂದರು. ಒಳ್ಳೆಯ ಮನುಷ್ಯರೇ, ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಸಾಹೇಬರು ಅವತ್ತು ಅರ್ಧ ಲೋಟದ ಚಹಾವನ್ನೂ ಕುಡಿಯಲಿಲ್ಲ.

ಮಾರನೇ ದಿನದಿಂದ ನಾವಿಬ್ಬರೂ ಮಾತಾಡಿಕೊಳ್ಳದೆಯೇ ಒಂದು ನಾಟಕ ಶುರುಮಾಡಿದೆವು. ಗಿರಾಕಿ ಬಂದರೆ ಸಾಹೇಬರು ಕೈಕಟ್ಟಿ ಕೂರುವುದು, ಹರಳಿನ ಕತೆ ಹೇಳುವುದು. ನಾನು ತಂದು ಮೇಜಿನ ಮೇಲೆ ಇಡುವುದು. ಯಾರಾದರೂ "ನೀವೇ ತೋರಿಸಿ ಸಾಹೇಬ್ರೆ" ಎಂದರೆ ನಾನು ಮುಖ ಗಂಟಿಕ್ಕಿ "ಕೈಗೆ ಕೊಡಂಗಿಲ್ರಿ, ಅಂಗಡಿ ಕಾಯಿದೆ" ಎನ್ನುವುದು. ಕಾಯಿದೆ ಹರಳನ್ನು ಕಾಯಲು ಹುಟ್ಟಿದ್ದು, ಈಗ ಸಾಹೇಬರನ್ನು ಕಾಯತೊಡಗಿತು. ಜೊತೆಗೆ ಊರಿನಿಂದ ತಂದ ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಹೊಲಿದು, ಮೇಜಿನಗಲ ಒಂದು ದಪ್ಪನೆಯ ಕೌದಿ ಮಾಡಿ ಹಾಸಿದೆ. "ಇದೇನಿದು, ಮೇಜಿಗೆ ಚಳಿಯಾ?" ಎಂದು ಸಾಹೇಬರು ಕೇಳಿದರು. ಯಾಕೆಂದು ಅವರಿಗೂ ಗೊತ್ತಿತ್ತು.

ಅವರ ಮಗ ಜಾವೀದ್‌ನ ಕಣ್ಣು ತಪ್ಪಿಸಲಾಗಲಿಲ್ಲ. ಅವನು ಕಲ್ಯಾಣ ನಗರದಲ್ಲಿರುವುದು, ಒಳ್ಳೆಯ ಹುಡುಗ, ಅಪ್ಪನ ಮೇಲೆ ಪ್ರಾಣ. ಅಂಗಡಿಯನ್ನು ಆನ್‌ಲೈನ್ ಮಾಡುತ್ತೇನೆಂದು ದೀಪ, ಫೋನ್ ಸ್ಟ್ಯಾಂಡು, ಒಂದು ತಿರುಗುವ ತಟ್ಟೆ ತಂದ. ತಟ್ಟೆಯ ಮೇಲೆ ಹರಳಿಟ್ಟು ಸ್ವಿಚ್ ಒತ್ತಿದರೆ ಅದು ಸುತ್ತುತ್ತದೆ, ಮೈಯೆಲ್ಲ ಫಳಫಳ ಎನ್ನುತ್ತದೆ, ಅವನು ವಿಡಿಯೋ ಮಾಡುತ್ತಾನೆ. ಒಂದು ದಿನ ಅಪ್ಪ ಲೋಟ ಇಡುವುದನ್ನು ನೋಡಿ ಹೇಳಿಯೇ ಬಿಟ್ಟ.

"ಅಬ್ಬಾ, ಸಾಕು ಇನ್ನ. ಮನೇಲಿರಿ. ಒಂದ್ ಪೀಸ್ ಬಿದ್ರೆ ಮಾರ್ಕೆಟ್ಟಲ್ಲಿ ಹೆಸರು ಹೋಗತ್ತೆ."

"ಮನೇಲಿ ಏನ್ ಮಾಡ್ಲಿ ಬೇಟಾ?"

"ಆರಾಮಾಗಿ ಟಿವಿ ನೋಡಿ."

"ಟಿವಿ ಎದುರು ನಾನೇ ಒಂದು ಪೀಸ್ ಆಗ್ತೀನಿ. ನೀನು ಬಂದು ಧೂಳು ಒರಸು."

ಕೊನೆಗೆ ಒಂದು ಒಪ್ಪಂದವಾಯಿತು. ಇಂದಿರಾನಗರದ ಹಲ್ಲಿನ ಡಾಕ್ಟ್ರಮ್ಮ ಶನಿವಾರ ನಮ್ಮ 'ದೀಪಾವಳಿ'ಯನ್ನು ನೋಡಲು ಬರುವವರಿದ್ದರು. ದೀಪಾವಳಿ ಎಂದರೆ ಅಂಗಡಿಯ ಅತ್ಯುತ್ತಮ ಹರಳು: ತಿಳಿ ಹಸಿರು ಅಪೋಫಿಲೈಟ್, ಒಂದು ಚೆಂಡಿನ ಸುತ್ತ ನೂರಾರು ಗಾಜಿನ ಗೋಪುರ ನೆಟ್ಟಂತೆ. ಅವತ್ತು ಎಲ್ಲ ಸರಿಯಾಗಿ ನಡೆದರೆ ಅಬ್ಬಾ ಮೇಜಿನಲ್ಲೇ ಇರಬಹುದು, ಏನಾದರೂ ಎಡವಟ್ಟಾದರೆ ಸೋಮವಾರದಿಂದ ಮನೆ. ಜಾವೀದ್ ಹೇಳಿದ, ಸಾಹೇಬರು ತಲೆಯಾಡಿಸಿದರು. ತಲೆ ನಡುಗಲಿಲ್ಲ.

ಈ ಡಾಕ್ಟ್ರಮ್ಮ ನನಗೆ ಬಹಳ ಬೇಕಾದವರು. ನಾನು ಹಲ್ಲುಜ್ಜುವ ಬ್ರಷ್ಷಿನಿಂದ ಹರಳು ಉಜ್ಜುವುದನ್ನು ನೋಡಿ ಮೊದಲ ಸಲ ಬಹಳ ನಕ್ಕಿದ್ದರು. ತಾವು ಡಾಕ್ಟರ್ ಕೆಲಸ ಬಿಟ್ಟಾಗ ಹಲ್ಲಿನ ಸಂದಿ ಕೆರೆಯುವ ತಮ್ಮ ಎಲ್ಲ ಕಡ್ಡಿಗಳನ್ನೂ ನನಗೇ ಕೊಟ್ಟರು. ನೀವು ಈಗ ಬಳಸುವ ಕೊಕ್ಕೆ ಕಡ್ಡಿಗಳು ಅವೇ. "ಇಷ್ಟು ಬೇಗ ಯಾಕ್ರಿ ಬಿಟ್ರಿ ಡಾಕ್ಟ್ರಮ್ಮ?" ಎಂದು ಕೇಳಿದ್ದೆ. "ಹಲ್ಲು ನೋಡಿ ನೋಡಿ ಬೇಜಾರಾಯ್ತು" ಎಂದಿದ್ದರು.

ಶನಿವಾರ ಬೆಳಿಗ್ಗೆ ಜಾವೀದ್ ನನಗಿಂತ ಮೊದಲೇ ಬಂದು ಅಂಗಡಿ ಗುಡಿಸಿ ಒರೆಸಿ ಲಕಲಕ ಮಾಡಿದ್ದ. ನಾನು ಮೇಲೆ ಹತ್ತುವಾಗ ಹೆಮ್ಮೆಯಿಂದ, "ನೋಡಿ ಅಮ್ಮಾ, ಕೆಳಗಿನವ್ರ ಹತ್ತಿ ಕಲ್ಲಿನ್ ಮೇಲೆಲ್ಲ ಕೂತಿತ್ತು. ಎಲ್ಲ ಬ್ರಷ್ ಮಾಡ್‌ಬಿಟ್ಟೆ" ಎಂದ.

ಕೆಳಗಿನ ಹತ್ತಿ ಮೇಲೆ ಬರುವುದು ನಿಜ. ಆದರೆ ನಮ್ಮಲ್ಲಿ ಒಂದು ಹರಳಿತ್ತು, ಒಕೆನೈಟ್ ಎಂದು. ಕರಿ ಕಲ್ಲಿನ ಗೂಡಿನಲ್ಲಿ ಬಿಳಿ ನಯವಾದ ಕೂದಲಿನ ಉಂಡೆ, ಬೂಷ್ಟು ಹಿಡಿದ ಮಿನಿ ಇಡ್ಲಿಯಂತೆ. ಅದು ಹತ್ತಿಯಲ್ಲ, ಕಲ್ಲೇ. ಉಸಿರು ಬಿಟ್ಟರೂ ಅಲ್ಲಾಡುವ ಕಲ್ಲು. ಓಡಿ ಹೋಗಿ ನೋಡಿದೆ. ಗೂಡು ಇತ್ತು, ಇಡ್ಲಿ ಇರಲಿಲ್ಲ.

ಅಷ್ಟರಲ್ಲಿ ಸಾಹೇಬರೂ ಬಂದರು. ಖಾಲಿ ಗೂಡು ನೋಡಿದರು, ಮಗನ ಕೈಯಲ್ಲಿದ್ದ ಬ್ರಷ್ ನೋಡಿದರು. ಜಾವೀದ್‌ನ ಮುಖದಲ್ಲಿ ರಕ್ತವಿರಲಿಲ್ಲ.

"ಹತ್ತಿ ಅಂದ್ಕೊಂಡೆ ಅಬ್ಬಾ..."

"ಕೆಳಗಿನ ಹತ್ತಿ ಮೇಲೆ ಬರ್ತಿತ್ತು. ಇವತ್ತು ಮೇಲಿಂದು ಕೆಳಗೆ ಕಳ್ಸಿದ್ಯಾ. ಲೆಕ್ಕ ಬರಾಬರ್" ಎಂದು ಸಾಹೇಬರು ತಮ್ಮ ಕುರ್ಚಿಯಲ್ಲಿ ಕೂತರು. ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಇನ್ನು ಇವನು ಅಪ್ಪನಿಗೆ ಏನೂ ಹೇಳಲಾರ ಎಂದುಕೊಂಡೆ. ಆದರೆ ಅವಮಾನವಾದ ಮನುಷ್ಯ ಇನ್ನಷ್ಟು ಬಿಗಿಯಾಗುತ್ತಾನೆ. "ನಂದು ತಪ್ಪಾಯ್ತು. ಅದಕ್ಕೇ ಹೇಳ್ತಿದೀನಿ, ಇನ್ನೊಂದು ಆಗ್ಬಾರ್ದು. ಅಬ್ಬಾ, ದೀಪಾವಳಿ ಮುಟ್ಬೇಡಿ. ನಾನು ತಟ್ಟೆ ಮೇಲಿಟ್ಟು ತೋರಿಸ್ತೀನಿ" ಎಂದ.

ಡಾಕ್ಟ್ರಮ್ಮ ಬಂದರು. ಕೂತರು. ನೀರು ಕುಡಿದರು. ಜಾವೀದ್ ಮೇಜಿನ ತುದಿಗೆ ಫೋನು ನಿಲ್ಲಿಸಿ ವಿಡಿಯೋ ಹಚ್ಚಿದ, ದೀಪಾವಳಿಯನ್ನು ತಟ್ಟೆಯ ಮೇಲಿಟ್ಟ, ಸ್ವಿಚ್ ಒತ್ತಿದ. ತಟ್ಟೆ ಕಾಲು ಸುತ್ತು ಸುತ್ತಿತು. ಕರೆಂಟು ಹೋಯಿತು.

ಕಿಟಕಿಯ ಬೆಳಕಿನಲ್ಲಿ ಹರಳು ಸುಮ್ಮನೆ ಕೂತಿತ್ತು. ಡಾಕ್ಟ್ರಮ್ಮ ಕನ್ನಡಕ ತೆಗೆದರು, ಹಾಕಿದರು, ಬಗ್ಗಿದರು.

"ಜಾವೀದ್, ವಿಡಿಯೋದಲ್ಲಿ ಏನ್ ಹೊಳೀತಿತ್ತು! ಇದ್ಯಾಕೆ ಇಷ್ಟು ಮಂಕು? ಅದೇ ಪೀಸ್ ತಾನೆ?"

"ಅದೇ ಮೇಡಂ. ಕರೆಂಟ್ ಬರ್ಲಿ, ಒಂದೇ ನಿಮಿಷ."

ಅದೇ ಪೀಸ್ ತಾನೆ ಎಂಬ ಮಾತು ಸಾಹೇಬರಿಗೆ ತಾಗಿತು. ಜೀವಮಾನದಲ್ಲಿ ಒಂದು ತೋರಿಸಿ ಇನ್ನೊಂದು ಕೊಟ್ಟವರಲ್ಲ. ಮಗ "ಅಬ್ಬಾ!" ಎನ್ನುವುದರೊಳಗೆ ಎರಡೂ ಕೈಯಿಂದ ದೀಪಾವಳಿಯನ್ನು ಎತ್ತಿಬಿಟ್ಟರು. ನಾನು ಕೌದಿಯ ಅಂಚನ್ನು ಸರಕ್ಕನೆ ಅವರ ಕೈಯಡಿಗೆ ಮಡಚಿದೆ. ನನ್ನಿಂದ ಆಗಿದ್ದು ಅಷ್ಟೇ.

ಅವರು ಅದನ್ನು ಕೌದಿಗಿಂತ ಗೇಣೆತ್ತರದಲ್ಲಿ, ಕಿಟಕಿಯ ಬೆಳಕಿಗೆ ಹಿಡಿದರು. ಕೈ ನಡುಗುತ್ತಿತ್ತು. ಮುಚ್ಚಿಡುವ ನಡುಕವಲ್ಲ, ಮುಂಗೈಯಿಂದ ಬೆರಳ ತುದಿಯ ತನಕ. ಆ ನಡುಕ ಹರಳಿಗೆ ಹತ್ತಿತು, ನೋಡಿ. ಒಂದೊಂದು ಗೋಪುರವೂ ಹತ್ತಿಕೊಂಡಿತು, ಆರಿತು, ಹತ್ತಿಕೊಂಡಿತು. ಸಾಹೇಬರ ಬಿಳಿ ಗಡ್ಡದ ಮೇಲೆ, ಡಾಕ್ಟ್ರಮ್ಮನ ಕನ್ನಡಕದ ಮೇಲೆ, ಸುಣ್ಣ ಹೋದ ಗೋಡೆಯ ಮೇಲೆ ಹಸಿರು ಬೆಳಕಿನ ಚುಕ್ಕಿಗಳು ಇರುವೆಗಳಂತೆ ಓಡಾಡಿದವು. ತಟ್ಟೆ ಹೀಗೆ ಯಾವತ್ತೂ ಮಾಡಿರಲಿಲ್ಲ. ತಟ್ಟೆ ಸುಮ್ಮನೆ ಸುತ್ತುತ್ತದೆ. ಇದು ಉಸಿರಾಡುತ್ತಿತ್ತು.

ಜಾವೀದ್ ಕೆಳಗೆ ಎರಡೂ ಕೈ ಒಡ್ಡಿಕೊಂಡು ನಿಂತಿದ್ದ. "ಅಬ್ಬಾ, ಇಡಿ, ಪ್ಲೀಸ್ ಇಡಿ" ಎಂದ.

"ಇಡ್ಬೇಡಿ" ಎಂದರು ಡಾಕ್ಟ್ರಮ್ಮ. "ಹಾಗೇ ಹಿಡ್ಕೊಂಡಿರಿ ಸಾಹೇಬ್ರೆ. ಇನ್ನೊಂದ್ ಚೂರು ಹೊತ್ತು."

ನೋಡಿದರು. ಆಮೇಲೆ ಹರಳನ್ನು ಬಿಟ್ಟು ಕೈಯನ್ನು ನೋಡಿದರು. "ಎಷ್ಟು ದಿನ ಆಯ್ತು ಇದು?"

ಉತ್ತರಕ್ಕೆ ಕಾಯದೆ ಡಾಕ್ಟ್ರಮ್ಮ ತಮ್ಮ ಬಲಗೈಯನ್ನು ಕೌದಿಯ ಮೇಲೆ ಚಾಚಿದರು. ಅದೂ ನಡುಗುತ್ತಿತ್ತು, ಸಣ್ಣಗೆ.

"ಹಲ್ಲು ನೋಡಿ ಬೇಜಾರಾಯ್ತು ಅಂದಿದ್ದೆ ಅಲ್ವಾ ಶರಣಮ್ಮ? ಸುಳ್ಳು. ಡ್ರಿಲ್ ಹಿಡಿಯೋ ಕೈ ಹೀಗಾದ್ರೆ ಹಲ್ಲಿಗೆ ಬದ್ಲು ನಾಲಿಗೆಗೆ ತೂತು. ಅದಕ್ಕೆ ಬಿಟ್ಟೆ. ಬಿಡಲೇಬೇಕಿತ್ತು." ಆಮೇಲೆ ಜಾವೀದ್ ಕಡೆ ತಿರುಗಿದರು. "ಇವರು ಯಾಕಪ್ಪ ಬಿಡ್ಬೇಕು? ಇವರ ಕೈಯಲ್ಲಿ ಯಾರ ನಾಲಿಗೇನೂ ಇಲ್ವಲ್ಲ."

ಸಾಹೇಬರು ಹರಳನ್ನು ಇಳಿಸಿದರು. ಇಳಿಸುವುದೇ ಕಷ್ಟದ್ದು, ಎತ್ತುವುದಲ್ಲ. ಕೊನೆಯ ಬೆರಳಗಲ ಜಾರಿತು. ಮೆತ್ತನೆಯ ಕೌದಿ ಅದನ್ನು ಮಡಿಲಿನಂತೆ ಹಿಡಿದುಕೊಂಡಿತು, ಸದ್ದೂ ಆಗಲಿಲ್ಲ. ಅವರು ಕೈ ತೆಗೆದರು. ಡಾಕ್ಟ್ರಮ್ಮ ಅವರು ಕೈ ತೆಗೆಯುವ ತನಕ ಕಾದು, ಆಮೇಲೆ ಎತ್ತಿಕೊಂಡರು. ಕಾಯಿದೆ ಕಾಯಿದೆಯೇ.

ಡಾಕ್ಟ್ರಮ್ಮ ದೀಪಾವಳಿಯನ್ನು ಕೊಂಡು ಮನೆಗೆ ಒಯ್ದ ಮೇಲೆ ಕರೆಂಟು ಬಂತು. ತಟ್ಟೆ ತನ್ನ ಪಾಡಿಗೆ ತಾನು ಖಾಲಿ ಸುತ್ತತೊಡಗಿತು. ಜಾವೀದ್ ಫೋನಿನಲ್ಲಿ ಉಳಿದ ವಿಡಿಯೋವನ್ನು ನೋಡಿದ, ಮತ್ತೆ ನೋಡಿದ. ಅದರಲ್ಲಿ ಅಪ್ಪನ ಮುಖವಿರಲಿಲ್ಲ, ಬರೀ ಎರಡು ಕೈ ಮತ್ತು ಓಡಾಡುವ ಬೆಳಕು.

"ಅಬ್ಬಾ," ಎಂದ ಕೊನೆಗೆ, "ಸೋಮವಾರ ಬೇಗ ಬರ್ತೀರಾ? ಬೇರೆ ಪೀಸೂ ಹೀಗೇ ಹಿಡೀಬೇಕಿತ್ತು, ವಿಡಿಯೋಗೆ."

"ನಂಗೆ ಟಿವಿ ನೋಡೋದಿತ್ತು ಬೇಟಾ" ಎಂದರು ಸಾಹೇಬರು, ನನ್ನ ಕಡೆ ಕಣ್ಣು ಹೊಡೆದು. "ಶರಣಮ್ಮ, ಚಾಯ್ ಹಾಕು. ಪೂರ್ತಿ ಲೋಟ."

ಪೂರ್ತಿ ಲೋಟ ಹಾಕಿದೆ. ಅರ್ಧ ಕೌದಿಯ ಮೇಲೆ ಚೆಲ್ಲಿತು. ಆ ಕಲೆ ಇನ್ನೂ ಇದೆ, ನೋಡಿರುತ್ತೀರಿ. ಎಷ್ಟು ಒಗೆದರೂ ಹೋಗುವುದಿಲ್ಲ, ಜಾಸ್ತಿ ಉಜ್ಜಬೇಡಿ. ಈಗ ಆನ್‌ಲೈನಿನಲ್ಲಿ ನಮ್ಮ ಹರಳನ್ನು ಎಲ್ಲರೂ ಗುರುತು ಹಿಡಿಯುವುದು ಆ ನಡುಗುವ ಕೈಗಳಿಂದಲೇ. ತಿರುಗುವ ತಟ್ಟೆಯನ್ನು ಜಾವೀದ್ ನನಗೆ ಕೊಟ್ಟ. ಮನೆಯಲ್ಲಿ ಅದರ ಮೇಲೆ ಉಪ್ಪಿನಕಾಯಿ ಬಾಟಲಿಗಳು ಸುತ್ತುತ್ತವೆ.

ನಾನು ಕೆಲಸ ಬಿಟ್ಟ ದಿನ ಸಾಹೇಬರು ಡ್ರಾಯರಿನಿಂದ ಒಂದು ಹರಳು ತೆಗೆದರು. ಕೆ.ಆರ್. ಪುರದ ಹೊಗೆ ಬಣ್ಣದ ಸ್ಫಟಿಕ. ಇಷ್ಟು ಕಾಲ ಮಾರಿರಲಿಲ್ಲ.

"ಬಿಳಿ ಸೀರೆಯವ್ಳು ನಿಂಗೆ ಕೊಡೋಕೆ ಹೇಳಿದ್ಲು."

ಕಣ್ಣಲ್ಲಿ ನೀರು ಬಂತು. ಎರಡೂ ಕೈ ಒಡ್ಡಿದೆ. ಸಾಹೇಬರು ಕೈ ಹಿಂದಕ್ಕೆ ಎಳೆದುಕೊಂಡು ನನ್ನನ್ನು ಗದರಿಸುವಂತೆ ನೋಡಿದರು.

"ಇಷ್ಟ್ ವರ್ಷ ಏನ್ ಕಲಿತೆ?"

ಕೌದಿಯ ಮೇಲೆ ಇಟ್ಟರು. ಕೈ ತೆಗೆದರು. ನಾನು ಎತ್ತಿಕೊಂಡೆ.

"ಈಗ ಬಿದ್ರೆ ನಿಂದು" ಎಂದರು.

ಅದು ಈಗ ನಮ್ಮ ಮನೆಯ ಕಿಟಕಿಯಲ್ಲಿದೆ. ಮನೆ ಓನರ್ ಸೆಲ್ವಿಯಕ್ಕ ನೋಡಲು ಬಂದು, "ಎನ್ನಮ್ಮ ಇದು, ಇದಕ್ಕಾ ಇಷ್ಟ್ ವರ್ಷ ಕೆಲ್ಸ ಮಾಡ್ದೆ? ಸೋಡಾ ಬಾಟ್ಲಿ ಚೂರ್ ತರ ಇದೆ" ಎಂದರು. ಮಂಕಾಗಿ ಕೂತಿತ್ತು, ಅವರದೇನೂ ತಪ್ಪಿಲ್ಲ. ಎತ್ತಿ ಬಿಸಿಲಿಗೆ ಹಿಡಿದೆ. ಆಗಲೂ ಮಂಕೇ. ನನ್ನ ಕೈ ಇನ್ನೂ ಗಟ್ಟಿಯಾಗಿದೆ, ಅದೇ ತೊಂದರೆ. ಹಾಗಾಗಿ ಸಾಹೇಬರನ್ನು ನೆನೆದು, ಬೇಕೆಂದೇ ಕೈ ನಡುಗಿಸಿದೆ. ಗೋಡೆಯ ಮೇಲೆ ಬೆಳಕಿನ ಚುಕ್ಕಿಗಳು ಓಡಾಡಿದವು.

ಸೆಲ್ವಿಯಕ್ಕ ಕೂತುಬಿಟ್ಟರು.